ಗೋಸುಂಬೆ ಸಾಕಣೆಯ ಕೈಪಿಡಿಗೆ ಬೇಕಾದ ಕೆಲವು ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮೊದಲ ಬಾರಿಗೆ ಗೋಸುಂಬೆ ಸಾಕಲು ಹೊರಟವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಬರೆಯುತ್ತ ಹೋದಂತೆ ಕೆಲವು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಯುವುದಕ್ಕಾಗಿ ಈ ಪತ್ರ. ಹೊಸಬರ ಕೈಯಲ್ಲಿ ಗೋಸುಂಬೆ ಬಹುಕಾಲ ಬಾಳದಿರುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಬೆಳಕು, ನೀರು ಮತ್ತು ಗೂಡಿನ ವಿಷಯದಲ್ಲಾಗುವ ತಪ್ಪು ತಿಳಿವಳಿಕೆ. ಆದ್ದರಿಂದ ಪದವು ಕಿವಿಗೆ ಇಂಪಾಗಿದ್ದರೆ ಸಾಲದು, ಓದಿದವರ ಕೈಯಿಂದ ಸರಿಯಾದ ಕೆಲಸವನ್ನೇ ಮಾಡಿಸುವಂತಿರಬೇಕು ಎಂಬ ಒಂದೇ ಅಳತೆಗೋಲನ್ನು ಇಟ್ಟುಕೊಂಡು ಪದಗಳನ್ನು ಆಯುತ್ತಿದ್ದೇನೆ.

ಮೊದಲಿಗೆ ಪ್ರಾಣಿಯ ಹೆಸರು. ಗೋಸುಂಬೆ, ಊಸರವಳ್ಳಿ ಎರಡೂ ಒಂದೇ ಪ್ರಾಣಿಗೆ ಸಲ್ಲುವ ಹೆಸರುಗಳು. ಕೈಪಿಡಿಯಲ್ಲಿ ‘ಗೋಸುಂಬೆ’ಯನ್ನೇ ಉಳಿಸಿಕೊಂಡಿದ್ದೇನೆ. ಆದರೆ ಹಲವರು ಓತಿಕ್ಯಾತವನ್ನೂ ಗೋಸುಂಬೆಯೆಂದೇ ಕರೆಯುತ್ತಾರೆ. ಗಾದೆಯಲ್ಲಿ ಬೇಲಿಗೂಟದ ಜೊತೆಗೆ ಬರುವ ಓತಿಕ್ಯಾತವೂ ಬಣ್ಣ ಬದಲಿಸುತ್ತದೆ, ಅದರ ಗಂಡಿನ ಕೊರಳು ಕೂಡುವ ಕಾಲದಲ್ಲಿ ಕೆಂಪೇರುತ್ತದೆ. ಗೊಂದಲಕ್ಕೆ ಇದೇ ಕಾರಣವಿರಬೇಕು. ಓತಿಕ್ಯಾತ ಚುರುಕಾಗಿ ಓಡುವ, ಬಿಡಿಬಿಡಿಯಾದ ಉದ್ದ ಬೆರಳುಗಳ ಹಲ್ಲಿ. ಗೋಸುಂಬೆಯಾದರೋ ಎರಡು ಮತ್ತು ಮೂರರ ಗುಂಪಾಗಿ ಕೂಡಿಕೊಂಡ ಬೆರಳುಗಳಿಂದ ಇಕ್ಕಳದಂತೆ ಕೊಂಬೆಯನ್ನು ಹಿಡಿದು, ಬಾಲವನ್ನು ಸುತ್ತಿಕೊಂಡು, ಎರಡು ಕಣ್ಣುಗಳನ್ನು ಬೇರೆ ಬೇರೆ ದಿಕ್ಕಿಗೆ ಹೊರಳಿಸುತ್ತ ನಿಧಾನವಾಗಿ ನಡೆಯುವ ಪ್ರಾಣಿ. ಸಾಕಣೆಯಲ್ಲಿ ಸಾಮಾನ್ಯವಾಗಿ ಕಾಣುವವು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆ, ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆ ಮತ್ತು ಪೂರ್ವ ಆಫ್ರಿಕಾದ ಮೂರು ಕೊಂಬಿನ ಜ್ಯಾಕ್ಸನ್ ಗೋಸುಂಬೆ. ಮೊದಲನೆಯದನ್ನು ‘ಮುಸುಕಿನ ಗೋಸುಂಬೆ’ ಎಂದು ಕನ್ನಡಿಸಬಹುದಾದರೂ, ಅದರ ತಲೆಯ ಮೇಲಿರುವ ಎತ್ತರದ ದಿಬ್ಬವನ್ನು ನೋಡಿದವರಿಗೆ ಮುಸುಕು ನೆನಪಾಗುವುದಿಲ್ಲ. ‘ಯೆಮನ್ ಗೋಸುಂಬೆ’ ಎಂಬುದೇ ನನಗೆ ಒಪ್ಪಿಗೆಯಾಗಿದೆ. ಕಾಡಿನಿಂದ ಹಿಡಿದು ತಂದ ಗೋಸುಂಬೆ ಸಾಮಾನ್ಯವಾಗಿ ಪರೋಪಜೀವಿಗಳನ್ನು ಹೊತ್ತುಕೊಂಡು, ಸೊರಗಿ ಬಂದಿರುತ್ತದೆ. ಈ ಮೂರೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ (ಅಪಾಯದಲ್ಲಿರುವ ಕಾಡುಪ್ರಾಣಿ ಮತ್ತು ಸಸ್ಯಗಳ ವ್ಯಾಪಾರ ಕುರಿತ) ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ. ಹೀಗಾಗಿ ‘ಸಾಕಣೆಯಲ್ಲೇ ಹುಟ್ಟಿದ ಮರಿ’ ಎಂಬ ಪದಪುಂಜವನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ಇಟ್ಟಿದ್ದೇನೆ.

ಗೂಡಿನ ವಿಷಯ ಸ್ವಲ್ಪದರಲ್ಲಿ ಮುಗಿಯುತ್ತದೆ. ‘ಟೆರೇರಿಯಮ್’ ಎಂದರೆ ಗಾಜಿನ ಪೆಟ್ಟಿಗೆಯೇ ಕಣ್ಣಮುಂದೆ ಬರುತ್ತದೆ; ‘ಪಂಜರ’ ಎಂದರೆ ಸರಳುಗಳ ಹಕ್ಕಿಪಂಜರ. ಗೋಸುಂಬೆಗೆ ಬೇಕಾಗಿರುವುದು ಗಾಳಿ ಸರಾಗವಾಗಿ ಆಡುವ, ಉದ್ದಗಲಕ್ಕಿಂತ ಎತ್ತರ ಹೆಚ್ಚಾಗಿರುವ ಮನೆ. ಬೆಳೆದ ಯೆಮನ್ ಗಂಡಿಗೆ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಗೂಡು ರೂಢಿಯಲ್ಲಿರುವ ಅಳತೆ. ‘ಜಾಲರಿಗೂಡು’ ಎಂಬ ಪದ ಗಾಳಿಯನ್ನು ಸೂಚಿಸುವುದರಿಂದ ಅದನ್ನು ಆರಿಸಿದ್ದೇನೆ. ಪಕ್ಕಗಳಲ್ಲಿ ಗಾಜಿದ್ದರೂ ಕೆಳಗಿನಿಂದ ಮೇಲಕ್ಕೆ ಗಾಳಿ ಹಾಯುವ ಗೂಡುಗಳೂ ಒಳ್ಳೆಯವೇ ಎಂದು ಪ್ರತ್ಯೇಕವಾಗಿ ಬರೆದರಾಯಿತು. ಒಂದು ಗೂಡಿಗೆ ಒಂದೇ ಗೋಸುಂಬೆ ಎಂಬ ನಿಯಮಕ್ಕೆ ‘ಒಂಟಿ’ ಎಂಬ ಪದವನ್ನು ಮಾತ್ರ ಬಳಸಬಾರದೆಂದು ನನ್ನ ಅನಿಸಿಕೆ, ಏಕೆಂದರೆ ಅದು ಓದುಗರಲ್ಲಿ ಮರುಕ ಹುಟ್ಟಿಸಿ, ‘ಪಾಪ, ಜೊತೆಗೊಂದು ಇರಲಿ’ ಎನ್ನಿಸಿ, ಎರಡನ್ನು ಒಂದೇ ಗೂಡಿಗೆ ಹಾಕಿಸುತ್ತದೆ. ಇನ್ನೊಂದು ಗೋಸುಂಬೆಯನ್ನು ಹಗಲೆಲ್ಲ ಎದುರಿಗೆ ಕಾಣುತ್ತಿರುವುದೇ ಈ ಪ್ರಾಣಿಗೆ ಬಾಧೆ.

ನನ್ನನ್ನು ಹೆಚ್ಚು ಕಾಡಿರುವುದು ದೀಪಗಳ ಹೆಸರು. ಗೋಸುಂಬೆಯ ಗೂಡಿಗೆ ಎರಡು ಬೇರೆ ಬೇರೆ ಕೆಲಸದ ದೀಪಗಳು ಬೇಕು. ಒಂದು, ಮೈ ಬೆಚ್ಚಗಾಗಲು ಶಾಖ ಕೊಡುವ ಬಲ್ಬು. ಇನ್ನೊಂದು, ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ, 280ರಿಂದ 315 ನ್ಯಾನೋಮೀಟರ್ ತರಂಗಾಂತರದ ಯುವಿಬಿ (ನೇರಳಾತೀತ ‘ಬಿ’) ಕಿರಣಗಳನ್ನು ಕೊಡುವ ಟ್ಯೂಬು. ಆ ಜೀವಸತ್ವವಿಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗಿ, ಕಾಲು ಬಾಗಿ, ದವಡೆ ಸಡಿಲಾಗಿ, ಕೊನೆಗೆ ನಾಲಗೆಯನ್ನು ಚಿಮ್ಮಿಸಿ ಹುಳು ಹಿಡಿಯುವ ಶಕ್ತಿಯೂ ಉಳಿಯುವುದಿಲ್ಲ. ಈಗ ‘ಬಿಸಿಲು ಕಾಯಿಸುವ ದೀಪ’ ಎಂಬ ಸೊಗಸಾದ ಕನ್ನಡವನ್ನು ಬಳಸಿದೆವೆನ್ನಿ. ಬಿಸಿಲಿನಲ್ಲಿ ಶಾಖವೂ ಇದೆ, ಯುವಿಬಿಯೂ ಇದೆ. ಓದುಗರು ಆ ಒಂದು ಬಲ್ಬು ತಂದು ಹಚ್ಚಿ, ಬಿಸಿಲಿನ ಎರಡೂ ಕೆಲಸ ಆಯಿತೆಂದು ನೆಮ್ಮದಿಯಾಗಿ ಕುಳಿತುಬಿಡುವ ಸಂಭವವಿದೆ. ಪದದೊಳಗಿನ ‘ಬಿಸಿಲು’ ಇಲ್ಲಿ ಸುಳ್ಳು ಭರವಸೆ ಕೊಡುತ್ತದೆ.

ಹಾಗಿದ್ದರೆ ಮೊದಲನೆಯದಕ್ಕೆ ‘ಕಾವುದೀಪ’ ಎನ್ನೋಣವೇ? ‘ಕಾವು’ ಎಂದಕೂಡಲೇ ಮೊಟ್ಟೆಗೆ ಕೊಡುವ ಕಾವು ನೆನಪಾಗುತ್ತದೆ. ಗೋಸುಂಬೆಯ ಮೊಟ್ಟೆಗಳ ಪ್ರಸ್ತಾಪವೂ ಕೈಪಿಡಿಯಲ್ಲಿ ಬರುವುದರಿಂದ ಎರಡೂ ಬೆರೆತುಹೋಗಬಹುದು. ‘ಶಾಖದೀಪ’ ನನಗೆ ಸರಿತೋರುತ್ತಿದೆ. ಎರಡನೆಯದರ ಕಷ್ಟ ಬೇರೆ ಬಗೆಯದು. ‘ನೇರಳಾತೀತ’, ‘ಅತಿನೇರಳೆ’ ಎರಡೂ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡ ಪದಗಳು, ವಿಜ್ಞಾನದ ದೃಷ್ಟಿಯಿಂದ ಅವುಗಳಲ್ಲಿ ದೋಷವಿಲ್ಲ. ಆದರೆ ಎರಡರಲ್ಲಿಯೂ ‘ನೇರಳೆ’ ಕುಳಿತಿದೆ. ಯುವಿಬಿ ಕಣ್ಣಿಗೆ ಕಾಣುವ ಬೆಳಕಲ್ಲ; ಒಳ್ಳೆಯ ಯುವಿಬಿ ಟ್ಯೂಬು ಬೆಳ್ಳಗೆ ಉರಿಯುತ್ತದೆ. ಸರೀಸೃಪಗಳಿಗೆಂದು ಮಾರುವ ನೇರಳೆ ಬಣ್ಣದ ಬಲ್ಬುಗಳೂ ಇರುವುದರಿಂದ, ಪದವನ್ನು ನಂಬಿದವರು ಅದನ್ನೇ ಕೊಂಡು ತಂದಾರು. ಹೀಗಾಗಿ ‘ನೇರಳಾತೀತ’ವನ್ನು ವಿವರಣೆಯಲ್ಲಿ ಒಮ್ಮೆ ಹೇಳಿ, ಉಳಿದೆಡೆಯೆಲ್ಲ ‘ಯುವಿಬಿ ಟ್ಯೂಬು’ ಎಂದೇ ಬರೆಯುವುದು ಕ್ಷೇಮವೆನಿಸಿದೆ. ಗಾಜು ಮತ್ತು ಸಾಮಾನ್ಯ ಪ್ಲಾಸ್ಟಿಕ್ ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಬೆಚ್ಚಗಿದ್ದರೂ ಈ ಕೆಲಸಕ್ಕೆ ಬಾರದು. ಟ್ಯೂಬು ಹಳತಾದಂತೆ ಬೆಳಕು ಮೊದಲಿನಂತೆಯೇ ಕಂಡರೂ ಯುವಿಬಿ ಕುಗ್ಗುತ್ತದೆ. ಅಳೆಯುವ ಮೀಟರು ಇಲ್ಲದವರು ಸುಮಾರು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ‘ದೀಪ ಕೆಟ್ಟಿತು’ ಎಂದರೆ ಉರಿಯದಾಯಿತು ಎಂಬುದೇ ನಮ್ಮ ರೂಢಿಯ ಅರ್ಥವಾದ್ದರಿಂದ, ಉರಿಯುತ್ತಲೇ ನಿಷ್ಫಲವಾದ ಟ್ಯೂಬಿಗೆ ‘ಸತ್ವ ಕಳೆದುಕೊಂಡ’ ಎಂಬ ವಿಶೇಷಣವನ್ನು ಬಳಸಿದ್ದೇನೆ.

ಶಾಖದೀಪದ ಕೆಳಗೆ ಪ್ರಾಣಿ ಕುಳಿತುಕೊಳ್ಳುವ ಕೊಂಬೆಗೂ ಒಂದು ಹೆಸರು ಬೇಕು. ‘ಬಿಸಿಲು’ ಮತ್ತು ‘ಕೊಂಬೆ’ ಸೇರಿದರೆ ಆದೇಶ ಸಂಧಿಯ ಪ್ರಕಾರ ‘ಬಿಸಿಲ್ಗೊಂಬೆ’ ಆಗುತ್ತದೆ, ಓದುವವರಿಗೆ ಅಲ್ಲಿ ಗೊಂಬೆ ಕಾಣುತ್ತದೆ. ವ್ಯಾಕರಣ ಸರಿಯಿದ್ದೂ ಅರ್ಥ ಕೆಡುವ ಇಂಥ ಕಡೆ ಸಮಾಸವನ್ನು ಬಿಡಿಸಿಡುವುದೇ ಲೇಸೆಂದು ‘ಮೈ ಕಾಯಿಸುವ ಕೊಂಬೆ’ ಎಂದು ಬರೆದಿದ್ದೇನೆ. ಯೆಮನ್ ಗೋಸುಂಬೆಗೆ ಅಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಉಳಿದ ಗೂಡಿನಲ್ಲಿ 22ರಿಂದ 26 ಡಿಗ್ರಿ ಸಾಕು. ಈ ವ್ಯತ್ಯಾಸವನ್ನು ‘ತಾಪಮಾನದ ಏರಿಳಿತ’ ಎಂದರೆ ಹೊತ್ತು ಹೊತ್ತಿಗೆ ಬದಲಾಗುವ ತಾಪವೆಂದು ಓದುಗರು ತಿಳಿಯುತ್ತಾರೆ. ಇಲ್ಲಿ ಬೇಕಿರುವುದು ಒಂದೇ ಹೊತ್ತಿನಲ್ಲಿ ಮೇಲೆ ಬಿಸಿಯಾಗಿ ಕೆಳಗೆ ತಂಪಾಗಿರುವ ಸ್ಥಿತಿ. ಪ್ರಾಣಿ ತನಗೆ ಬೇಕಾದ ತಾಣವನ್ನು ತಾನೇ ಆರಿಸಿಕೊಳ್ಳಲು ಅದು ನೆರವಾಗುತ್ತದೆ. ಇದಕ್ಕೆ ಒಂದೇ ಪದ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ‘ತಾಪದ ಇಳಿಜಾರು’ ಅರ್ಥಕ್ಕೆ ಹತ್ತಿರವಾಗಿದ್ದರೂ ನಾಲಗೆಗೆ ಒಗ್ಗುತ್ತಿಲ್ಲ. ರಾತ್ರಿ ಎಲ್ಲ ದೀಪಗಳೂ ಆರಬೇಕು. ಗೋಸುಂಬೆಗೆ ಕತ್ತಲೆಯೂ ತಂಪೂ ಎರಡೂ ಬೇಕು.

ನೀರಿನ ವಿಷಯದಲ್ಲಿ ಕನ್ನಡ ಸಿರಿವಂತ ಭಾಷೆ, ಮತ್ತು ಆ ಸಿರಿ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಗೋಸುಂಬೆ ಸಾಮಾನ್ಯವಾಗಿ ಬಟ್ಟಲಿನ ನಿಂತ ನೀರನ್ನು ಕುಡಿಯುವುದಿಲ್ಲ, ಎಲೆಯ ಮೇಲೆ ನಿಂತ ಹನಿಯನ್ನು ನೆಕ್ಕುತ್ತದೆ. ಆದ್ದರಿಂದ ‘ನೀರಿಡುವುದು’ ಎಂಬ ಕ್ರಿಯಾಪದವನ್ನೇ ಕೈಪಿಡಿಯಿಂದ ಕೈಬಿಟ್ಟಿದ್ದೇನೆ. ಹನಿ ಎಲೆಯ ಮೇಲೆ ಕೂಡುವಂತೆ ನುಣ್ಣಗೆ ಸಿಂಪಡಿಸುವುದಕ್ಕೆ ‘ತುಂತುರು’, ಮೇಲಿನಿಂದ ಒಂದೊಂದೇ ಹನಿ ಎಲೆಗೆ ಬೀಳುವ ಏರ್ಪಾಟಿಗೆ ‘ತೊಟ್ಟಿಕ್ಕಿಸುವುದು’, ರಾತ್ರಿ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳಿಗೆ ‘ಮಂಜು’ ಎಂದು ಮೂರನ್ನು ಬೇರ್ಪಡಿಸಿದ್ದೇನೆ. ಈ ಮೂರು ಒಂದರ ಬದಲಿಗೆ ಇನ್ನೊಂದು ಬರುವಂಥವಲ್ಲ. ತುಂತುರು ಕುಡಿಯಲು, ಮಂಜು ಉಸಿರಿಗೆ. ದೀಪ ಹತ್ತುವ ಮೊದಲು ಮತ್ತು ಆರಿದ ಮೇಲೆ, ಒಂದೆರಡು ನಿಮಿಷವಾದರೂ ಎಡೆಬಿಡದೆ, ಎಲೆಗಳೆಲ್ಲ ತೊಯ್ಯುವಂತೆ ತುಂತುರು ಬಿಡಬೇಕು. ಇನ್ನು ‘ತೇವಾಂಶ’ ಮತ್ತು ‘ಆರ್ದ್ರತೆ’. ದಿನಬಳಕೆಯಲ್ಲಿ ಎರಡನ್ನೂ ಒಂದೇ ಅರ್ಥಕ್ಕೆ ಬಳಸುವುದುಂಟು, ಆದರೆ ಮಣ್ಣಿನ ತೇವಾಂಶದ ಮಾತನ್ನು ಕೇಳಿದವರು ‘ಗೂಡಿನಲ್ಲಿ ತೇವಾಂಶವಿರಲಿ’ ಎಂದು ಓದಿದರೆ ನೆಲವನ್ನೇ ಒದ್ದೆಯಾಗಿಟ್ಟಾರು. ಸದಾ ಒದ್ದೆಯಾದ, ಗಾಳಿಯಾಡದ ಗೂಡಿನಲ್ಲಿ ಬೂಷ್ಟು ಬೆಳೆಯುತ್ತದೆ, ಉಸಿರಾಟದ ಸೋಂಕು ತಗಲುತ್ತದೆ. ಯೆಮನ್ ಗೋಸುಂಬೆಗೆ ರಾತ್ರಿ ಆರ್ದ್ರತೆ ಏರಬೇಕು, ಹಗಲು ಗೂಡು ಒಣಗಬೇಕು. ‘ಗಾಳಿಯ ಆರ್ದ್ರತೆ’ ಎಂದು ಪೂರ್ತಿಯಾಗಿ ಬರೆಯುವುದರಲ್ಲಿ ಒಂದು ಪದ ಹೆಚ್ಚಾದರೂ ನಷ್ಟವಿಲ್ಲ.

ಆಹಾರದ ಪದಗಳಲ್ಲಿ ಮೊದಲ ತೊಡಕು ‘ಕ್ರಿಕೆಟ್’ ಎಂಬ ಕೀಟದ ಹೆಸರು. ಹಾಗೆಯೇ ಬರೆದರೆ ಆಟವೇ ನೆನಪಾಗುವುದರಿಂದ ‘ಚಿಮ್ಮಂಡೆ’ ಎಂದಿದ್ದೇನೆ. ‘ಜೀರುಂಡೆ’ ಒಂದೊಂದು ಕಡೆ ಒಂದೊಂದು ಹುಳುವಿಗೆ ಸಲ್ಲುತ್ತದೆ, ‘ಮಿಡತೆ’ ಬೇರೆಯೇ ಕೀಟ. ಹುಳುವಿನ ಗಾತ್ರ ಗೋಸುಂಬೆಯ ತಲೆಯ ಅಗಲವನ್ನು ಮೀರಬಾರದು. ಮಿಂಚುಹುಳು ಹಲ್ಲಿಜಾತಿಯ ಪ್ರಾಣಿಗಳಿಗೆ ವಿಷ, ಅದನ್ನು ಎಂದಿಗೂ ಕೊಡಕೂಡದು. ಗೋಸುಂಬೆಗೆ ಕೊಡುವ ಮೊದಲು ಒಂದೆರಡು ದಿನ ಹುಳುವಿಗೇ ಸೊಪ್ಪು ತರಕಾರಿಗಳ ಒಳ್ಳೆಯ ಮೇವು ಹಾಕುವ ಕ್ರಮವಿದೆ. ಇದನ್ನು ‘ಹೊಟ್ಟೆ ತುಂಬಿಸುವುದು’ ಎಂದರೆ ಯಾರ ಹೊಟ್ಟೆ ಎಂಬ ಪ್ರಶ್ನೆ ಏಳುತ್ತದೆ. ‘ಮೇಯಿಸಿದ ಹುಳು’ ಎಂಬ ಪದ ಹೊಳೆದಿದೆ. ದನ ಮೇಯಿಸುವ ಭಾಷೆಯಲ್ಲಿ ಇದು ಸಹಜವಾಗಿ ಕೂರುತ್ತದೆಂದು ನನ್ನ ನಂಬಿಕೆ. ಹುಳುವಿನ ಮೈಗೆ ಸುಣ್ಣಾಂಶದ, ಅಂದರೆ ಕ್ಯಾಲ್ಸಿಯಂನ, ಪುಡಿ ಹತ್ತಿಸುವ ಕೆಲಸಕ್ಕೆ ‘ಧೂಳೀಕರಿಸು’ ಎಂಬ ಸಿದ್ಧಪದ ಕೃಷಿ ಬರಹಗಳಲ್ಲಿ ಇದೆಯಾದರೂ, ಅಲ್ಲಿ ಅದು ಬೆಳೆಗೆ ಕೀಟನಾಶಕದ ಪುಡಿ ಎರಚುವುದಕ್ಕೆ ಅಂಟಿಕೊಂಡಿದೆ. ಹುಳು, ಧೂಳೀಕರಣ ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಆಗುವ ಅಪಾರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಪುಡಿಯಲ್ಲಿ ಹೊರಳಿಸುವುದು’ ಎಂದು ಬರೆದಿದ್ದೇನೆ. ‘ಸುಣ್ಣಾಂಶ’ದ ಪಕ್ಕದಲ್ಲಿ ‘ಕ್ಯಾಲ್ಸಿಯಂ’ ಇರಲೇಬೇಕು, ಗೋಡೆಗೆ ಬಳಿಯುವ ಸುಣ್ಣವನ್ನು ಯಾರೂ ಬಳಸುವಂತಾಗಬಾರದು.

‘ಬಣ್ಣ ಬದಲಿಸು’ ಎಂಬ ಮಾತು ಕನ್ನಡದಲ್ಲಿ ಕಪಟದ ನುಡಿಗಟ್ಟಾಗಿ ಗಟ್ಟಿಯಾಗಿದೆ. ಅದರ ಹಿಂದೆ, ಗೋಸುಂಬೆ ತಾನು ಕುಳಿತ ಜಾಗದ ಬಣ್ಣಕ್ಕೆ ಹೊಂದಿಕೊಂಡು ಮರೆಯಾಗುತ್ತದೆ ಎಂಬ ನಂಬಿಕೆಯಿದೆ. ವಾಸ್ತವದಲ್ಲಿ ಬಣ್ಣ ಬಹುಮಟ್ಟಿಗೆ ಅದರ ಮೈಬಿಸಿ, ಭಯ, ಸಿಟ್ಟು ಮತ್ತು ಕೂಡುವ ಬಯಕೆಯನ್ನು ಹೊರಗೆಡಹುತ್ತದೆ. ಪ್ಯಾಂಥರ್ ಗೋಸುಂಬೆಯ ಚರ್ಮದ ಕೋಶಗಳಲ್ಲಿ ಜೋಡಣೆಗೊಂಡ ಗ್ವಾನೀನ್ ಎಂಬ ವಸ್ತುವಿನ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗುವುದರಿಂದ ಬಣ್ಣ ಮಾರ್ಪಡುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಸಾಕುವವರ ಪಾಲಿಗೆ ಬಣ್ಣವೆಂದರೆ ಆರೋಗ್ಯದ ಸುದ್ದಿ. ಬೆಳಗ್ಗೆ ದೀಪದ ಕೆಳಗೆ ಕಪ್ಪೇರಿ ಕುಳಿತರೆ ಅದು ಶಾಖ ಹೀರುತ್ತಿದೆ. ರಾತ್ರಿ ನಿದ್ದೆಯಲ್ಲಿ ಬಿಳಚಿಕೊಂಡರೆ ಅದು ಸಹಜ. ದಿನವಿಡೀ ಕಪ್ಪಾಗಿಯೇ ಇದ್ದು, ಹಗಲಿನಲ್ಲಿ ಕಣ್ಣು ಮುಚ್ಚಿದರೆ ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಆದ್ದರಿಂದ ‘ಬಣ್ಣ ಬದಲಿಸುತ್ತದೆ’ ಎಂಬ ಒಂದೇ ವಾಕ್ಯದ ಬದಲು ‘ಕಪ್ಪೇರು’, ‘ಬಿಳಚು’, ‘ಬಣ್ಣ ತಳೆ’ ಎಂಬ ಬಿಡಿ ಕ್ರಿಯಾಪದಗಳನ್ನು ಬಳಸಿದ್ದೇನೆ.

‘ಪೊರೆ’ಯ ವಿಷಯವೂ ಇಲ್ಲಿಯೇ ಬರುತ್ತದೆ. ಹಾವು ಪೊರೆಯನ್ನು ಸಾಮಾನ್ಯವಾಗಿ ಇಡಿಯಾಗಿ ಕಳಚುತ್ತದೆ, ಗೋಸುಂಬೆಯ ಪೊರೆ ಚೂರುಚೂರಾಗಿ ಉದುರುತ್ತದೆ. ಅದನ್ನು ಕೈಯಿಂದ ಕಿತ್ತರೆ ಕೆಳಗಿನ ಎಳೆಯ ಚರ್ಮ ಹರಿಯುತ್ತದೆ. ‘ಕಣ್ಣಿನ ಪೊರೆ’ ಎಂದರೆ ನಮಗೆಲ್ಲ ಮುಪ್ಪಿನ ಕಣ್ಣಿನ ರೋಗವೇ ಆದ್ದರಿಂದ, ಕಣ್ಣಿನ ಸುತ್ತ ಉಳಿದ ಚೂರುಗಳಿಗೆ ‘ರೆಪ್ಪೆಯ ಮೇಲಿನ ಒಣ ಪೊರೆ’ ಎಂದಿದ್ದೇನೆ. ಯೆಮನ್ ಮತ್ತು ಪ್ಯಾಂಥರ್ ಜಾತಿಗಳ ಹೆಣ್ಣು ಗೋಸುಂಬೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟಬಲ್ಲದು. ಅಗೆದು ಮೊಟ್ಟೆಯಿಡಲು ಒಂದಡಿಯಷ್ಟು ಆಳದ ಹಸಿ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಎರವಾಗುತ್ತದೆ. ಆ ಸ್ಥಿತಿಗೆ ‘ಮೊಟ್ಟೆ ಕಟ್ಟುವುದು’ ಎಂದು ಬರೆದ ಕರಡೊಂದನ್ನು ಓದಿದ್ದೇನೆ. ಮೊಟ್ಟೆ ಮೂಡುವುದಕ್ಕೂ ಅದು ಹೊರಬಾರದೆ ನಿಲ್ಲುವುದಕ್ಕೂ ಒಂದೇ ಮಾತಾದರೆ ಓದುಗರು ರೋಗವನ್ನು ಸಹಜ ಸ್ಥಿತಿಯೆಂದು ಬಗೆಯುತ್ತಾರೆ. ‘ಮೊಟ್ಟೆ ಸಿಕ್ಕಿಕೊಳ್ಳುವುದು’ ಎಂಬುದು ಒರಟಾದರೂ ಸ್ಪಷ್ಟ.

ಕೊನೆಯದು, ‘ಮುದ್ದುಪ್ರಾಣಿ’. ಈ ಪದ ಈಚೆಗೆ ಬಹಳ ಓಡಾಡುತ್ತಿದೆ. ಗೋಸುಂಬೆಯನ್ನು ಮುದ್ದಾಡಲಾಗದು, ಪದೇ ಪದೇ ಎತ್ತಿಕೊಂಡರೆ ಅದು ಬಳಲುತ್ತದೆ. ‘ಪಳಗಿಸು’ ಎಂಬುದೂ ಹೊಂದುವುದಿಲ್ಲ; ಅದು ಹೆಚ್ಚೆಂದರೆ ನಮ್ಮ ಇರವನ್ನು ಸಹಿಸಿಕೊಳ್ಳುತ್ತದೆ. ‘ಸಾಕು’ ಎಂಬ ಹಳೆಯ ಕ್ರಿಯಾಪದದಲ್ಲಿ ಉಣಿಸುವ, ಕಾಪಾಡುವ ಅರ್ಥವಿದ್ದು ಮುಟ್ಟುವ ಹಂಗಿಲ್ಲ, ಹಾಗಾಗಿ ‘ಸಾಕುಪ್ರಾಣಿ’ಯನ್ನೇ ಉಳಿಸಿಕೊಂಡಿದ್ದೇನೆ.

ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು: ‘ಶಾಖದೀಪ’ ಮತ್ತು ‘ಮೇಯಿಸಿದ ಹುಳು’ ನಿಮ್ಮ ಕಡೆಯ ಬಳಕೆಗೆ ಒಗ್ಗುತ್ತವೆಯೇ, ‘ಚಿಮ್ಮಂಡೆ’ ನಿಮ್ಮಲ್ಲಿ ಯಾವ ಹುಳುವಿಗೆ ಸಲ್ಲುತ್ತದೆ, ಮೇಲೆ ಬಿಸಿಯಾಗಿ ಕೆಳಗೆ ತಂಪಾಗುವ ಸ್ಥಿತಿಗೆ ಮನೆಮಾತಿನಲ್ಲಿ ಯಾವುದಾದರೂ ಪದವುಂಟೇ ಎಂಬುದನ್ನು ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕು. ಪದ ಮಾತ್ರ ಬಂದರೆ ಅದು ಯಾವ ಕೆಲಸ ಮಾಡಿಸುತ್ತದೆಂದು ತೂಗಿ ನೋಡುವುದು ಕಷ್ಟವಾಗುತ್ತದೆ.

ವಂದನೆಗಳು.