ಚಿಕ್ಕ ಮಕ್ಕಳ ತರಕಾರಿ ತೋಟದ ಸಂಘ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೂರನೆಯ ತರಗತಿಯ ಶಿಕ್ಷಕಿ

ನಮ್ಮ ಶಾಲೆಯ ಹಿಂದೆ ಎರಡು ಕೊಠಡಿಯಷ್ಟು ಜಾಗ ಖಾಲಿ ಬಿದ್ದಿದೆ. ಎಂಟು, ಒಂಬತ್ತು ವರ್ಷದ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ತರಕಾರಿ ಬೆಳೆಯಬೇಕೆಂಬ ಆಸೆ. ವಾರಕ್ಕೊಂದು ದಿನ, ಒಂದು ಗಂಟೆ. ಯಾರಿಗೆ ಇಷ್ಟ ಎಂದು ಕೇಳಿದ್ದಕ್ಕೆ 41 ಮಕ್ಕಳು ಕೈ ಎತ್ತಿದರು. ಯಾರನ್ನೂ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಏನು ಬಿತ್ತಲಿ? ರಜೆಯಲ್ಲಿ ನೀರು ಹಾಕುವವರು ಯಾರು?

ಇನ್ನೊಂದು ಮಾತು. ಪಕ್ಕದವಳ ಬೀಜ ಮೊಳೆತು ತನ್ನದು ಮೊಳೆಯದೇ ಹೋದರೆ ಆ ಮಗುವಿಗೆ ಏನು ಹೇಳುವುದು? ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಇದೇ.

ಉತ್ತರ 1

ಮೊದಲು ಬಿಸಿಲು ನೋಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಟೊಮೆಟೊ, ಬೀನ್ಸ್ ಸರಿಯಾಗಿ ಕಾಯಿ ಬಿಡುವುದಿಲ್ಲ. ನಲ್ಲಿ ಹತ್ತಿರವಿರಲಿ. ಹಳೆಯ ಗೋಡೆಯ ಬಣ್ಣ ಉದುರಿ ಬಿದ್ದ ಮಣ್ಣಾದರೆ ಅದನ್ನು ಮುಟ್ಟಲೇಬೇಡಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಕಡೆ ತಳದಲ್ಲಿ ತೂತಿರುವ ಪೆಟ್ಟಿಗೆಗಳಿಗೆ ಒಳ್ಳೆಯ ಮಣ್ಣು ತುಂಬಿಸಿ ಬೆಳೆಯಬಹುದು. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ. ಅದು ಔಷಧಿ ಲೇಪಿಸಿದ್ದು ಎಂಬುದರ ಗುರುತು.

ಉತ್ತರ 2: ಆರು ವರ್ಷದಿಂದ ಮಕ್ಕಳ ತೋಟ ನಡೆಸುತ್ತಿರುವವಳು

ಮೇಡಂ, 41 ಮಕ್ಕಳನ್ನು ಒಟ್ಟಿಗೆ ಮಣ್ಣಿಗಿಳಿಸಬೇಡಿ. ಹದಿನಾಲ್ಕು ಮಕ್ಕಳು, ಇಬ್ಬರು ದೊಡ್ಡವರು, ಅಷ್ಟೇ. ಮೂರು ತಂಡ ಮಾಡಿ, ಒಂದೊಂದಕ್ಕೆ ಎಂಟು ವಾರ ಕೊಡಿ. ಎಂಟು ವಾರ ಎಂದು ಸುಮ್ಮನೆ ಹೇಳುತ್ತಿಲ್ಲ. ಸಣ್ಣ ಗುಂಡು ಕೆಂಪು ಮೂಲಂಗಿ 25ರಿಂದ 30 ದಿನಕ್ಕೆ ಕೀಳಲು ಬರುತ್ತದೆ. ಬಳ್ಳಿ ಹಬ್ಬದ ಪೊದೆ ಬೀನ್ಸ್ 50ರಿಂದ 60 ದಿನಕ್ಕೆ. ಮೂಲಂಗಿ ಮೊದಲ ತಿಂಗಳ ತಾಳ್ಮೆಯನ್ನು ಕಾಯುತ್ತದೆ, ಬೀನ್ಸ್ ಕೊನೆಗೆ ಬರುತ್ತದೆ. ಉದ್ದ ಬಿಳಿ ಮೂಲಂಗಿ ತರಬೇಡಿ, ಅದು ಒಂದೂವರೆ ಎರಡು ತಿಂಗಳು ತೆಗೆದುಕೊಳ್ಳುತ್ತದೆ. ರಜೆ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನ ಗೊತ್ತುಮಾಡಿ. ಆಗ ರಜೆಯಲ್ಲಿ ನೀರು ಹಾಕುವ ಪ್ರಶ್ನೆಯೇ ಇರುವುದಿಲ್ಲ.

ಮಡಿಯ ಅಗಲ ಮೂರು ಅಡಿ ದಾಟದಿರಲಿ. ಈ ವಯಸ್ಸಿನವರ ಕೈ ಎರಡೂ ಬದಿಯಿಂದ ನಡುವಿಗೆ ಮುಟ್ಟಬೇಕು, ಇಲ್ಲದಿದ್ದರೆ ಮಡಿಯೊಳಗೇ ಕಾಲಿಡುತ್ತಾರೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಮಕ್ಕಳು ಮೊಳಕೈವರೆಗೆ ತೋಡುತ್ತಾರೆ, ಅದಕ್ಕೆ ಕಡ್ಡಿಯ ಮೇಲೆ ಗೆರೆ ಎಳೆದು ಕೊಡಿ.

ಮೂಲಂಗಿ ಒತ್ತೊತ್ತಾಗಿ ಹುಟ್ಟಿದರೆ ಬರೀ ಸೊಪ್ಪು, ಕೆಳಗೆ ಗಡ್ಡೆ ಇಲ್ಲ. ನಡುನಡುವೆ ಕಿತ್ತು ಎರಡು ಬೆರಳಗಲ ಜಾಗ ಬಿಡಿಸಲೇಬೇಕು. ಇದು ಮಕ್ಕಳಿಗೆ ಬಹಳ ಕಷ್ಟ, ಬದುಕಿರುವುದನ್ನು ಏಕೆ ಕೀಳಬೇಕು ಎಂದು ಕೇಳುತ್ತಾರೆ. ಕಿತ್ತ ಎಳೆ ಸಸಿಯನ್ನು ತೊಳೆದು ತಿನ್ನಲು ಕೊಡಿ. ಆ ಖಾರ ನಾಲಿಗೆಗೆ ತಾಗಿದಾಗ ಮುಖದ ಬಣ್ಣವೇ ಬದಲಾಗುತ್ತದೆ. ಆದರೆ ಟೊಮೆಟೊ ಎಲೆ, ಹಸಿ ಬೀನ್ಸ್ ಕಾಳು ಬಾಯಿಗೆ ಹೋಗಬಾರದು ಎಂದು ಮೊದಲ ದಿನವೇ ಹೇಳಿ.

ಈಗ ನಿಮ್ಮ ದೊಡ್ಡ ಚಿಂತೆಗೆ ಬರುತ್ತೇನೆ. ಎರಡನೆಯ ವರ್ಷ ಒಬ್ಬ ಹುಡುಗನ ಬೀನ್ಸ್ ಸಸಿ ವಾರದ ಕೊನೆಯಲ್ಲಿ ಸತ್ತಿತ್ತು. ಅವನು ಬರುವ ಮೊದಲು ನಾನು ಅದೇ ಎತ್ತರದ ಬೇರೊಂದನ್ನು ತಂದು ನೆಟ್ಟೆ. ಅವನು ಬಂದು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಇದು ನನ್ನದಲ್ಲ, ನನ್ನದರ ಎಲೆಯಲ್ಲಿ ತೂತಿತ್ತು" ಎಂದ. ಅಲ್ಲಿಂದ ಎರಡು ವಾರ ಅವನು ಮಡಿಯ ಹತ್ತಿರ ಬರಲಿಲ್ಲ. ನನಗೆ ಇವತ್ತಿಗೂ ಆ ಮುಖ ಮರೆತಿಲ್ಲ.

ಅಂದಿನಿಂದ ನಾವು ಮೊಳೆಯದ ಬೀಜವನ್ನು ಮಗುವಿನ ಜೊತೆ ಕೂತು ಅಗೆದು ನೋಡುತ್ತೇವೆ. ಮೆತ್ತಗೆ ಕೊಳೆತಿದ್ದರೆ ನೀರು ಹೆಚ್ಚಾಗಿದೆ. ಕಲ್ಲಿನಂತೆ ಗಟ್ಟಿಯಾಗಿಯೇ ಇದ್ದರೆ ನೀರು ಅದನ್ನು ಮುಟ್ಟಿಲ್ಲ. ಬೀಜವೇ ಇಲ್ಲದಿದ್ದರೆ ಇರುವೆ ಅಥವಾ ಹಕ್ಕಿಯ ಕೆಲಸವಿರಬಹುದು. ಕಾರಣ ಕೈಗೆ ಸಿಕ್ಕಿದ ಮಗು ಅಳುವುದನ್ನು ಬಿಟ್ಟು ಪಕ್ಕದವರಿಗೂ ತೋರಿಸಲು ಓಡುತ್ತದೆ. ಕೂಡಲೇ ಮತ್ತೆ ಬಿತ್ತಲು ಕಾಳು ಜೇಬಿನಲ್ಲಿರಲಿ. ಗುಣಿಗೆ ಎರಡು ಬೀಜ ಹಾಕಿಸಿ, ಸಾಲದೆಂದರೆ ಮೂರು.

ಉತ್ತರ 3

ಮಗುವಿಗೊಂದು ಮಡಿ ಎನ್ನುವುದನ್ನೇ ಬಿಡಿ ಎನ್ನುತ್ತೇನೆ. ಎಲ್ಲರದ್ದೂ ಒಂದೇ ತೋಟವಾದರೆ ನಿನ್ನದು, ನನ್ನದು ಎಂಬ ಹೋಲಿಕೆ ಹುಟ್ಟುವುದೇ ಇಲ್ಲ. ನಾವು ಹಾಗೆಯೇ ಮಾಡಿದೆವು, ಜಗಳ ಕಡಿಮೆಯಾಯಿತು.

ಉತ್ತರ 2ರವರಿಂದ

ನಿಮ್ಮ ಮಾತಿನಲ್ಲಿ ಸತ್ಯವಿದೆ. ಆದರೆ ಎಲ್ಲರದ್ದೂ ಆದ ಮಡಿಗೆ ನಾಲ್ಕನೆಯ ವಾರ ನೀರು ಹಾಕುವವರು ಅದೇ ಮೂರು ಮಕ್ಕಳು. ಮೂಲೆಯಲ್ಲಿ ನಿಲ್ಲುವ ಮಗು ಮೂಲೆಯಲ್ಲೇ ಉಳಿಯುತ್ತದೆ. ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಹೆಸರಿನ ಅರ್ಥ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟ ಫ್ರೀಡ್ರಿಕ್ ಫ್ರೋಬೆಲ್ ಮಗುವಿಗೊಂದು ಪುಟ್ಟ ಮಡಿಯನ್ನೂ, ಎಲ್ಲರೂ ಸೇರಿ ನೋಡಿಕೊಳ್ಳುವ ಮಡಿಯನ್ನೂ ಇಟ್ಟಿದ್ದರು. ನಾನೂ ಎರಡನ್ನೂ ಇಡುತ್ತೇನೆ. ಒಂದೊಂದು ಅಡಿ ಚೌಕ ಸ್ವಂತದ್ದು, ಕುಂಬಳ ಮಾತ್ರ ಎಲ್ಲರದ್ದು. ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು, ಹಾಗಾಗಿ ಒಂದು ತಂಡ ಬಿತ್ತಿದ್ದನ್ನು ಮುಂದಿನ ತಂಡ ಕೊಯ್ಯುತ್ತದೆ. ರಜೆ ಅಡ್ಡ ಬರದ ತಿಂಗಳುಗಳಲ್ಲಿ ಮಾತ್ರ ಹಾಕಿ.

ಪ್ರಶ್ನೆ ಕೇಳಿದವರಿಂದ

ಅಗೆದು ನೋಡುವುದು ನನಗೆ ಹೊಳೆದೇ ಇರಲಿಲ್ಲ. ಒಂದೇ ಅನುಮಾನ: ನಮ್ಮವರು ಚೆನ್ನಾಗಿರುವ ಬೀಜವನ್ನೂ ದಿನಾ ಕಿತ್ತು ನೋಡಿದರೆ?

ಉತ್ತರ 2ರವರಿಂದ

ಖಂಡಿತ ಕಿತ್ತು ನೋಡುತ್ತಾರೆ. ಬಿತ್ತುವ ದಿನವೇ ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಒತ್ತಿ, ಕಾಗದಕ್ಕೂ ಗಾಜಿಗೂ ನಡುವೆ ನಾಲ್ಕು ಬೀನ್ಸ್ ಕಾಳು ಸಿಕ್ಕಿಸಿ ತರಗತಿಯ ಕಿಟಕಿಯಲ್ಲಿಡಿ. ಮೊದಲು ಬೇರು ಕೆಳಗಿಳಿಯುತ್ತದೆ, ಆಮೇಲೆ ಕಾಂಡ ಬೆನ್ನು ಬಾಗಿಸಿಕೊಂಡು ಮೇಲೇಳುತ್ತದೆ. ಮಡಿಯ ಮಣ್ಣಿನೊಳಗೆ ಏನಾಗುತ್ತಿದೆ ಎಂದು ಕೇಳಿದಾಗಲೆಲ್ಲ ಲೋಟದ ಕಡೆ ಕೈ ತೋರಿಸಿ. ಒಂದೆರಡು ದಿನ ಹೆಚ್ಚುಕಡಿಮೆಯಾದರೂ ಅಲ್ಲಿಯೂ ನಡೆಯುತ್ತಿರುವುದು ಅದೇ.