ಹಾಲ್‌ಗೆ ಜಿಪ್ಸಮ್ ಬೋರ್ಡ್ ಅಡ್ಡಗೋಡೆ: ಸಾಮಾನಿನ ಲೆಕ್ಕ ಹೇಳಿ

ಕುವೆಂಪುನಗರ_ಮೈಸೂರು:
ಅಡ್ಡಗೋಡೆ ನಾವೇ ಹಾಕಿಕೊಳ್ಳೋಣ ಅಂತಿದ್ದೀವಿ. ಅಗಲ 10 ಅಡಿ, ಎತ್ತರ ಒಂಬತ್ತೂವರೆ, ಬಾಗಿಲು ಬೇಡ. ಮೇಲೆ ಆರ್‌ಸಿಸಿ, ಕೆಳಗೆ ರೆಡ್ ಆಕ್ಸೈಡ್ ನೆಲ. ಒಂದು ಕಡೆ ಟಿವಿ ಬರುತ್ತೆ. 12.5 ಮಿ.ಮೀ. ದಪ್ಪದ 6×4 ಬೋರ್ಡ್ ಎಷ್ಟು ತರಬೇಕು?

ರಸಮಟ್ಟ:
10 ತನ್ನಿ. ಚದರಡಿ ಲೆಕ್ಕ ಹಾಕಿದರೆ 8 ಸಾಕು ಅನ್ನಿಸುತ್ತೆ, ಆದರೆ ಉಳಿದ ತುಂಡುಗಳು ಹೊಂದಲ್ಲ. ಬೋರ್ಡು ಅಡ್ಡಡ್ಡ ಹಾಕಿ: ಕೆಳಸಾಲು 6+4, ಅದರ ಮೇಲೆ 4+6, ತುದಿಯ ಒಂದೂವರೆ ಅಡಿ ಪಟ್ಟಿ ಮತ್ತೆ 6+4. ಆಚೆ ಬದಿಗೆ ಇದನ್ನೇ ಉಲ್ಟಾ ಮಾಡಿ. 2 ಅಡಿಗೊಂದರಂತೆ 6 ಸ್ಟಡ್ (ಬೋರ್ಡು ಹಿಡಿಯುವ ನೆಟ್ಟನೆ ತಗಡಿನ ಕಂಬಿ) ನಿಲ್ಲಿಸಿದರೆ ಮೇಲಿಂದ ಕೆಳಗಿನ ಸಂದಿಗಳೆಲ್ಲ ಸ್ಟಡ್ ಮೇಲೇ ಬೀಳುತ್ತವೆ. ಸ್ಟಡ್ ತುದಿಗಳು ಕೂರೋಕೆ ನೆಲಕ್ಕೊಂದು, ಸೂರಿಗೊಂದು ಅಡ್ಡ ಚಾನೆಲ್. ಸ್ಟಡ್ 5ರಿಂದ 10 ಮಿ.ಮೀ. ಗಿಡ್ಡ ಇರಲಿ, ಬಿಗಿಯಾಗಿ ತುರುಕಿದರೆ ಸ್ಲ್ಯಾಬ್ ಸ್ವಲ್ಪ ಬಾಗಿದರೂ ಬೋರ್ಡ್ ಬಿರಿಯುತ್ತೆ.

25 ಮಿ.ಮೀ. ಡ್ರೈವಾಲ್ ಸ್ಕ್ರೂ 400 ಇಟ್ಟುಕೊಳ್ಳಿ. ಅಂಚಿನಲ್ಲಿ 20 ಸೆಂ.ಮೀ.ಗೊಂದು, ನಡುವೆ 30ಕ್ಕೊಂದು. ಸ್ಕ್ರೂ ತಲೆ ಕಾಗದವನ್ನು ಒತ್ತಬೇಕು, ಹರಿಯಬಾರದು. ಹರಿದರೆ ಅದಕ್ಕೆ ಹಿಡಿತವೇ ಇಲ್ಲ, ಎರಡಿಂಚು ಪಕ್ಕದಲ್ಲಿ ಇನ್ನೊಂದು ಹಾಕಿ.

ತೂಗುಗುಂಡು:
ರೆಡ್ ಆಕ್ಸೈಡ್ ಮೇಲೆ ಡ್ರಿಲ್ಲನ್ನು ಹ್ಯಾಮರ್ ಮೋಡ್‌ನಲ್ಲಿ (ಬಡಿಯುತ್ತಾ ಕೊರೆಯೋದು) ಶುರು ಮಾಡಬೇಡಿ, ಚಕ್ಕೆ ಏಳುತ್ತೆ. ಆ ಬಣ್ಣ ಮತ್ತೆ ಕೂಡಿಸೋದು ಯಾರಿಂದಲೂ ಆಗದ ಕೆಲಸ. ಮಾಸ್ಕಿಂಗ್ ಟೇಪ್ ಅಂಟಿಸಿ, ಕೆಂಪು ಪದರ ದಾಟುವವರೆಗೆ ನಿಧಾನಕ್ಕೆ ಬರೀ ತಿರುಗಿಸಿ.

ಬೋರ್ಡ್ ನೆಲದಿಂದ 10 ಮಿ.ಮೀ. ಮೇಲಿರಲಿ. ಇಲ್ಲದಿದ್ದರೆ ನೆಲ ಒರೆಸಿದ ನೀರನ್ನೆಲ್ಲ ದೀಪದ ಬತ್ತಿ ಥರ ಹೀರುತ್ತೆ. ಆ ಸಂದಿಯನ್ನು ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮುಚ್ಚುತ್ತೆ.

ಕುವೆಂಪುನಗರ_ಮೈಸೂರು:
ಬೋರ್ಡುಗಳ ನಡುವಿನ ಸಂದಿಗೆ ವಾಲ್ ಪುಟ್ಟಿ ಸಾಕು ಅಂತಾರೆ ಪೇಂಟರ್. ಹೌದಾ?

ರಸಮಟ್ಟ:
ಸಾಲದು. ಟೇಪ್ ಇಲ್ಲದ ಬರೀ ಪುಟ್ಟಿ ಕೆಲವೇ ತಿಂಗಳಲ್ಲಿ ಗೆರೆ ಬಿಡುತ್ತೆ. ಜಾಯಿಂಟ್ ಕಾಂಪೌಂಡ್ (ಬೋರ್ಡಿನ ಸಂದಿ ತುಂಬುವ ಪೇಸ್ಟ್) ಬಳಿದು, ಹಸಿ ಇರುವಾಗಲೇ ಪೇಪರ್ ಟೇಪ್ ಕೂರಿಸಿ, ಗುಳ್ಳೆ ಇಲ್ಲದ ಹಾಗೆ ಕರಣೆಯಲ್ಲಿ ಎಳೆಯಿರಿ. ಒಣಗಿದ ಮೇಲೆ ಇನ್ನೆರಡು ಕೋಟ್, ಪ್ರತಿಸಲ ಇನ್ನಷ್ಟು ಅಗಲ. ಬೋರ್ಡಿನ ಉದ್ದದ ಅಂಚು ತೆಳುವಾಗಿರೋದರಿಂದ ಟೇಪ್ ಅಲ್ಲಿ ಅಡಗುತ್ತೆ. ಕತ್ತರಿಸಿದ ಅಂಚಿಗೆ ಆ ಇಳಿಜಾರಿಲ್ಲ, ಎರಡೂ ಕಡೆ ಒಂದೊಂದಡಿ ಹರಡದಿದ್ದರೆ ಉಬ್ಬು ಕಾಣುತ್ತೆ. ಮೂಲೆಗಳೂ ಸೇರಿ ಟೇಪ್ ಸುಮಾರು 120 ಅಡಿ. ಮಳೆಗಾಲದಲ್ಲಿ ಕೋಟ್ ಒಣಗೋಕೆ ಇನ್ನೊಂದು ದಿನ ಜಾಸ್ತಿ ಬಿಡಿ.

ತೂಗುಗುಂಡು:
ಟಿವಿಗೆ ಬೋರ್ಡನ್ನೇ ನಂಬಬೇಡಿ. ಬ್ರಾಕೆಟ್ ಬರುವ ಎತ್ತರದಲ್ಲಿ ಸ್ಟಡ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಬಿಗಿದು, ವೈರಿಂಗ್ ಪೈಪೂ ಎಳೆಸಿ, ಆಮೇಲೆ ಎರಡನೇ ಬದಿ ಮುಚ್ಚಿ. ಮುಚ್ಚುವ ಮೊದಲು ಪ್ಲೈವುಡ್ ಇರುವ ಜಾಗದ ಅಳತೆ ಬರೆದಿಟ್ಟು ಫೋಟೊ ತೆಗೆದುಕೊಳ್ಳಿ.