ನಿಷ್ಠೆ, ಛಲ, ಹಠ ಎಲ್ಲಾ ಒಂದೇ ಏನ್ರಿ?

ಪ್ರಶ್ನೆ (ಆಳಂದ)
ಶ್ರಾವಣದ ಪ್ರವಚನದಾಗ "ಮಹೇಶ್ವರ ಸ್ಥಲ ಅಂದ್ರ ನಿಷ್ಠೆ" ಅಂತ ಹೇಳ್ತಾರ. ನಿಷ್ಠೆ, ಸ್ಥೈರ್ಯ, ಛಲ, ಹಠ ಇವುಗಳೊಳಗ ವ್ಯತ್ಯಾಸ ಏನು? ಮಕ್ಕಳಿಗೆ ತಿಳಿಸಿ ಹೇಳಬೇಕು. ದಿನಾ ರೂಢಿ ಮಾಡಿಸೋದು ಹ್ಯಾಂಗ ಅಂತನೂ ಹೇಳ್ರಿ.

ಉತ್ತರ (ಬಸವಕಲ್ಯಾಣ)
ಒಂದೇ ಅಲ್ಲ ರೀ. ನಿಷ್ಠೆ, ಸ್ಥೈರ್ಯ, ಸ್ಥಾವರ ಮೂರಕ್ಕೂ ಧಾತು 'ಸ್ಥಾ', ಅಂದರೆ ನಿಲ್ಲು. ಆದರೆ ಸ್ಥಾವರ ನಿಂತಲ್ಲೇ ನಿಂತದ್ದು, ನಿಷ್ಠೆ ನಡೆಯುತ್ತಲೇ ದಾರಿ ಬಿಡದ್ದು. ಷಟ್‌ಸ್ಥಲ, ಅಂದರೆ ಲಿಂಗಾಯತ ಸಾಧನೆಯ ಆರು ಮೆಟ್ಟಿಲು. ಅದರ ಮೊದಲ ಮೂರರ ಅನುಕ್ರಮ ನೋಡಿ: ಭಕ್ತನದು ಶ್ರದ್ಧಾಭಕ್ತಿ, ಮಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ನಿಷ್ಠೆಗೆ ಶ್ರದ್ಧೆಯೇ ಬುನಾದಿ. ಅದಿಲ್ಲದೆ ಪಟ್ಟು ಹಿಡಿದರೆ ಹಠ. ಮುಂದೆ ಅವಧಾನ, ಅಂದರೆ ಎಚ್ಚರ ಬರಲಿಲ್ಲವೋ, ಕೈ ಪೂಜೆ ಮಾಡುತ್ತದೆ, ಮನಸ್ಸು ಸಂತೆಯಲ್ಲಿರುತ್ತದೆ.

ಛಲದ ದಾರಿ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ಮೋಸ, ನೆಪ ಎಂಬ ಅರ್ಥ. ಕನ್ನಡದಲ್ಲಿ ಪಟ್ಟು ಬಿಡದ ಗುಣವಾಯಿತು. ಬಸವಣ್ಣನವರ 'ಛಲಬೇಕು ಶರಣಂಗೆ' ವಚನದ ಮೊದಲ ಮೂರು ಛಲಗಳು 'ಒಲ್ಲೆ' ಎನ್ನುವಂಥವು: ಪರಧನ, ಪರಸತಿ, ಪರದೈವ. ಮಕ್ಕಳಿಗೆ ಇದನ್ನೇ ತೋರಿಸಿ. ಬೇಕೆಂದು ಅಳುವ ಹಠ ಅವರಿಗೆ ಗೊತ್ತೇ ಇದೆ, ಬೇಡವೆನ್ನುವ ಛಲ ಹೊಸದು.

ಉತ್ತರ (ಕಲಬುರಗಿ)
ಒಂದು ಮಾತು ಸೇರಿಸುತ್ತೇನೆ. 1422ರಲ್ಲಿ ಇಲ್ಲೇ ತೀರಿಕೊಂಡ ಸಂತ ಬಂದೇ ನವಾಜರ ಸೂಫಿ ಪರಂಪರೆಯಲ್ಲಿ ನಿಷ್ಠೆಗೆ 'ಇಸ್ತಿಖಾಮತ್' ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಮೂಲವೂ 'ನಿಲ್ಲು' ಎಂಬುದೇ! ನಾವು ದಿನಾ ಆಡುವ 'ಖಾಯಂ' ಅದೇ ಬೇರಿನದು. ಕರಾಮತ್ತಿಗಿಂತ, ಅಂದರೆ ಪವಾಡಕ್ಕಿಂತ, ಇಸ್ತಿಖಾಮತ್ ಮೇಲು ಎಂಬುದು ಸೂಫಿಗಳ ಹಳೆಯ ಮಾತು.

ಉತ್ತರ (ಶಹಾಪುರ)
ರೂಢಿಗೆ ಇಷ್ಟಲಿಂಗ ಪೂಜೆಯೇ ಸಾಕು. ಸ್ನಾನ, ವಿಭೂತಿ ಆದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಂತಿಯ (ಲಿಂಗದ ಮೇಲಿನ ಕಪ್ಪು ಲೇಪದ) ಹೊಳಪಿನ ಮೇಲೆ ಮೂಡುವ ದೀಪದ ಚುಕ್ಕೆಯಲ್ಲಿ ನೋಟ ನಿಲ್ಲಿಸಬೇಕು. ಕೈ ಮುಂದೆ ಚಾಚಿದರೆ ತೋಳು ನಡುಗಿ ಚುಕ್ಕೆ ಅಲುಗುತ್ತದೆ. ಮೊಣಕೈ ಪಕ್ಕೆಗೆ ಆನಿಸಲಿ. ದೀಪ ಬೆನ್ನ ಹಿಂದಿದ್ದರೆ ನಮ್ಮದೇ ನೆರಳು ಬೀಳುತ್ತದೆ, ಪಕ್ಕಕ್ಕಿಡಿ. ಕಣ್ಣು ಉರಿದರೆ ರೆಪ್ಪೆ ಬಡಿಯಲಿ, ತಡೆಯುವುದು ಬೇಡ. ಮೊದಲ ತಿಂಗಳು 5 ನಿಮಿಷ ಸಾಕು. ಮೊದಲ ದಿನವೇ ಅರ್ಧ ಗಂಟೆ ಕೂರಿಸಿದರೆ ವಾರದೊಳಗೆ ಬಿಡುತ್ತಾರೆ.

ಪ್ರಶ್ನೆ (ಆಳಂದ)
ಒಂದು ದಿನ ತಪ್ಪಿದರ?

ಉತ್ತರ (ಶಹಾಪುರ)
ಮರುದಿನ ಅದೇ ಹೊತ್ತಿಗೆ, ಅದೇ 5 ನಿಮಿಷ. ತಪ್ಪಿದ್ದನ್ನು ಸೇರಿಸಿ 10 ಮಾಡಿಸಬೇಡ್ರಿ. ಪೂಜೆ ಸಾಲ ತೀರಿಸಿದಂಗ ಆಗ್ತದ.